ನಾವಿಲ್ಲದಾಗ ಬಂದ ನೆಂಟರು

ನಮ್ಮ ಯಜಮಾನರು ಮನೆಗೆ ಬೀಗ ಹಾಕುವುದನ್ನು ಒಮ್ಮೆ ನೋಡಬೇಕು. ಬಾಗಿಲನ್ನು ಎಳೆದು, ಕೀ ತಿರುಗಿಸಿ, ಹಿಡಿಕೆಯನ್ನು ಅಲುಗಾಡಿಸುತ್ತಾರೆ. ಅರ್ಧ ಮೆಟ್ಟಿಲು ಇಳಿದ ಮೇಲೆ ಏನೋ ನೆನಪಾದವರಂತೆ ನಿಂತು, ಮತ್ತೆ ಹತ್ತಿ ಹೋಗಿ ಇನ್ನೊಂದು ಸಲ ಅಲುಗಾಡಿಸುತ್ತಾರೆ. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಅವರದು ಇನ್‌ಸ್ಪೆಕ್ಷನ್ ವಿಭಾಗವಾಗಿತ್ತು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಅವರಿಗೆ ಸಂಬಳ. ನಿವೃತ್ತರಾದ ಮೇಲೆ ಆ ವಿದ್ಯೆಯೆಲ್ಲ ಮನೆಯ ಬಾಗಿಲು, ಗ್ಯಾಸಿನ ರೆಗ್ಯುಲೇಟರು ಮತ್ತು ನಾನು ಮುಚ್ಚಿಟ್ಟ ಡಬ್ಬಗಳ ಮುಚ್ಚಳದ ಮೇಲೆ ತಿರುಗಿತು.

ನಮ್ಮ ಮನೆ ಇರುವುದು ಜೋಗುಪಾಳ್ಯದ ಒಂದು ಕಿರಿದಾದ ಓಣಿಯಲ್ಲಿ, ಎರಡನೆಯ ಮಹಡಿಯಲ್ಲಿ. ಕೆಳಗೆ ದಿನಸಿ ಅಂಗಡಿ, ಅದರ ಪಕ್ಕದಲ್ಲಿ ಒಂದು ಟೈಲರ್ ಅಂಗಡಿ. ಪ್ರತಿ ಮಹಡಿಯಲ್ಲೂ ಎರಡೆರಡು ಮನೆ, ಬಾಗಿಲಿಗೆ ಬಾಗಿಲು ಎದುರುಬದುರು. ನಮ್ಮ ಎದುರಿನ ಮನೆಯಲ್ಲಿ ಆಪಾ ಇದ್ದಾರೆ. ಅವರ ಗಂಡನಿಗೆ ಶಿವಾಜಿನಗರದಲ್ಲಿ ಸೂಟ್‌ಕೇಸು, ಸ್ಕೂಲ್ ಬ್ಯಾಗುಗಳ ಅಂಗಡಿ. ನಾನು ಅವರನ್ನು ಆಪಾ ಅನ್ನುತ್ತೇನೆ, ಉರ್ದುವಿನಲ್ಲಿ ಅಕ್ಕ ಎಂದರ್ಥ; ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ಇಬ್ಬರಲ್ಲಿ ದೊಡ್ಡವರು ಯಾರೆಂಬುದನ್ನು ಇಷ್ಟು ವರ್ಷದಲ್ಲಿ ಇಬ್ಬರೂ ವಿಚಾರಿಸಲು ಹೋಗಿಲ್ಲ.

ನಿವೃತ್ತಿಯಾದ ವರ್ಷ ದಸರಾ ರಜೆಯಲ್ಲಿ ಕನ್ಯಾಕುಮಾರಿಗೆ ಹೋಗಿ, ಹಾಗೇ ಕೇರಳದ ಕಡೆ ತಿರುಗಿ ದೋಣಿಯಲ್ಲಿ ಸುತ್ತಾಡಿಕೊಂಡು ಬರೋಣವೆಂದು ಹಟ ಹಿಡಿದವಳು ನಾನು. ನಾನು ಫ್ರೇಜರ್ ಟೌನಿನ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರಿಗೆ ದೂರದ ಅಕ್ಷರ ಓದಿಸುತ್ತೇನೆ. ನನಗೂ ಒಮ್ಮೆ ದೂರ ಏನಾದರೂ ನೋಡಬೇಕೆನಿಸಿತ್ತು. ಬಾಣಸವಾಡಿಯಲ್ಲಿರುವ ನನ್ನ ಅತ್ತಿಗೆ, ಅಂದರೆ ಇವರ ಅಕ್ಕ, ಸುದ್ದಿ ಕೇಳಿದವರೇ ತಾವೂ ಬರುವುದಾಗಿ ಹೇಳಿ ಆ ಸಂಜೆಯೇ ಬಟ್ಟೆ ಇಸ್ತ್ರಿಗೆ ಕೊಟ್ಟರು. ಯಜಮಾನರು ಮಾತ್ರ ಟಿಕೆಟ್ ಆದ ದಿನದಿಂದ ಮನೆಯ ಚಿಂತೆಗೆ ಬಿದ್ದರು.

ಅವರ ಚಿಂತೆ ಪೂರಾ ಗಾಳಿಗುದ್ದಾಟವೇನೂ ಆಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮೊದಲ ಮಹಡಿಯವರು ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಯಾರೋ ಬೀಗ ಮುರಿದು ಒಳಗೆ ನುಗ್ಗಿದ್ದರು. ಚಿನ್ನವೆಲ್ಲ ಅವರ ಮೈಮೇಲೇ ಇದ್ದದ್ದರಿಂದ ಕಳ್ಳರಿಗೆ ಸಿಕ್ಕಿದ್ದು ಗ್ಯಾಸ್ ಸಿಲಿಂಡರು, ಮಿಕ್ಸಿ ಮತ್ತು ಹೊಸದಾಗಿ ತಂದಿದ್ದ ಇಡ್ಲಿ ಪಾತ್ರೆ. ಇಡ್ಲಿ ಪಾತ್ರೆಯನ್ನೂ ಬಿಡದ ಕಳ್ಳರು ನಮ್ಮ ಮನೆಯಲ್ಲಿ ಏನನ್ನು ತಾನೇ ಬಿಟ್ಟಾರು ಎಂಬುದು ಇವರ ವಾದ.

ಹಾಗಾಗಿ ಸಿದ್ಧತೆ ಶುರುವಾಯಿತು. ಒಡವೆಗಳು ಬ್ಯಾಂಕಿನ ಲಾಕರಿಗೆ ಹೋದವು. ಪೇಪರಿನವನಿಗೂ ಹಾಲಿನವನಿಗೂ ಬರಬೇಡವೆಂದು ಹೇಳಿದ್ದಾಯಿತು, ಬಾಗಿಲ ಮುಂದೆ ಪೇಪರು ರಾಶಿ ಬಿದ್ದರೆ ಮನೆ ಖಾಲಿ ಎಂದು ಡಂಗುರ ಸಾರಿದಂತೆ. ಸಂಜೆಯಾದರೆ ತಾನಾಗಿ ಹತ್ತಿಕೊಳ್ಳುವ ದೀಪವೊಂದು ಬಾಲ್ಕನಿಗೆ ಬಂತು. ಬಾಗಿಲ ಹೊರಗೆ ಇವರ ಹಳೆಯ ಫ್ಯಾಕ್ಟರಿ ಬೂಟುಗಳು ಕೂತವು, ಒಳಗೆ ಯಾರೋ ದಪ್ಪ ಆಸಾಮಿ ಇದ್ದಾನೆಂದು ಕಾಣಲಿ ಅಂತ. ಆಮೇಲೆ ಠಾಣೆಗೂ ಹೋಗಿ, ಮನೆಗೆ ಬೀಗ ಹಾಕಿಕೊಂಡು ಹೋಗುತ್ತಿರುವುದನ್ನು ತಿಳಿಸಿ ಬಂದರು. ಬೀಟಿನವರು ಆ ಕಡೆ ಬಂದಾಗ ಒಂದು ಕಣ್ಣು ಹಾಯಿಸುತ್ತಾರೆ, ನೀವು ಮಾತ್ರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಊರಿಗೆ ಹೋಗಿದ್ದೀವಿ ಅಂತ ಫೋಟೋ ಹಾಕಬೇಡಿ ಎಂದು ಅಲ್ಲಿದ್ದ ಪೇದೆ ಬುದ್ಧಿ ಹೇಳಿ ಕಳಿಸಿದರಂತೆ. ಆ ಮಾತನ್ನು ಮನೆಗೆ ಬಂದು ನಮಗೆ ಹಲವು ಸಲ ಒಪ್ಪಿಸಿದರು.

ಎಲ್ಲಕ್ಕಿಂತ ದೊಡ್ಡದು ಕ್ಯಾಮೆರಾ. ಇಂದಿರಾನಗರದ ಒಂದು ಅಂಗಡಿಯಿಂದ ತಂದದ್ದು, ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು. ಅದನ್ನು ಹಾಲಿನ ಶೋಕೇಸಿನ ಮೇಲೆ ಕೂರಿಸಿದರು. ಅದರ ಕಣ್ಣಿಗೆ ಸೋಫಾ, ಊಟದ ಮೇಜು, ಮುಂಬಾಗಿಲು ಎಲ್ಲ ಕಾಣುತ್ತಿತ್ತು. ಒಳಗೆ ಏನು ಅಲುಗಿದರೂ ಇವರ ಫೋನು ಟಿಣ್ ಅನ್ನುತ್ತಿತ್ತು. ಫೋನಿನಲ್ಲಿ ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡಿದರೆ ಆ ಮಾತು ಅಲ್ಲಿ ಕ್ಯಾಮೆರಾದಿಂದ ಕೇಳುತ್ತದೆ. ಕಳ್ಳ ಬಂದರೆ ಗದರಿಸಬಹುದು ಎಂದು ಅಂಗಡಿಯವನು ಹೇಳಿದ್ದನಂತೆ. ಏನೆಂದು ಗದರಿಸುತ್ತೀರಿ ಎಂದು ಕೇಳಿದೆ. ಅದನ್ನು ಅವರು ಇನ್ನೂ ಯೋಚಿಸಿರಲಿಲ್ಲ.

ಉಳಿದದ್ದು ಬೀಗದ ಕೈಯ ಪ್ರಶ್ನೆ. ಬಾಲ್ಕನಿಯಲ್ಲಿ ನನ್ನ ದುಂಡುಮಲ್ಲಿಗೆ, ಕರಿಬೇವು, ಪುದೀನ ಇದ್ದವು. ನೀರಿಲ್ಲದಿದ್ದರೆ ವಾಪಸು ಬರುವಷ್ಟರಲ್ಲಿ ಕಡ್ಡಿಯಾಗುತ್ತವೆ. ಒಂದು ಕೀ ಆಪಾನಿಗೆ ಕೊಡೋಣ ಎಂದೆ. ಇವರಿಗೆ ಮನಸ್ಸಿರಲಿಲ್ಲ. ಆಪಾನ ಮೇಲೆ ಅನುಮಾನವೆಂದಲ್ಲ. ಕೀ ಅಂದಮೇಲೆ ನಮ್ಮ ಹತ್ತಿರವೇ ಇರಬೇಕು, ಇಲ್ಲದಿದ್ದರೆ ಬೀಗ ಯಾಕೆ ಎಂಬುದು ಅವರ ತರ್ಕ. ಹಾಗಾದರೆ ಕುಂಡಗಳನ್ನೂ ರೈಲಿನಲ್ಲಿ ತೆಗೆದುಕೊಂಡು ಹೋಗೋಣ ಎಂದು ನಾನು ಹೇಳಿದ ಮೇಲೆ ಒಪ್ಪಿದರು. ಹೊರಡುವ ದಿನ ಆಪಾನನ್ನು ಕರೆದು, ಬಾಗಿಲನ್ನು ಹೇಗೆ ಎಳೆಯಬೇಕು, ಕೀಯನ್ನು ಎರಡು ಸುತ್ತು ಹೇಗೆ ತಿರುಗಿಸಬೇಕು ಎಂದು ಪ್ರದರ್ಶನ ಕೊಟ್ಟರು. ಆಪಾ ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಗು ತಡೆದುಕೊಂಡು ನೋಡಿದರು.

"ಅಣ್ಣಾ, ನಮ್ಮನೇಲೂ ಬೀಗ ಐತೆ. ಹಾಕೋಕೆ ಬರ್ತದೆ ನಂಗೆ. ನೀವು ಆರಾಮಾಗಿ ಹೋಗಿ ಬನ್ನಿ" ಎಂದರು.

ಕೆ.ಆರ್.ಪುರದಲ್ಲಿ ರೈಲು ಹತ್ತಿದೆವು. ಸಾಮಾನುಗಳನ್ನು ಸೀಟಿನ ಕೆಳಗೆ ತಳ್ಳಿ ಕೂರುವಷ್ಟರಲ್ಲಿ ಅತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ತೆಗೆದ ನಮ್ಮ ಮೂವರ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿಯಾಗಿತ್ತು. ಕೆಳಗೆ 'ಒಂದು ವಾರ ಬೆಂಗಳೂರಿಗೆ ಟಾಟಾ' ಎಂದು ಬರೆದು ಕೈ ಬೀಸುವ ಚಿತ್ರವನ್ನೂ ಅಂಟಿಸಿದ್ದರು. ಯಜಮಾನರು ಅದನ್ನು ನೋಡಿ, ಅಕ್ಕನ ಕೈಯಿಂದ ಫೋನು ತೆಗೆದುಕೊಂಡು, ಅಳಿಸಿ, ಹಿಂದಕ್ಕೆ ಕೊಟ್ಟರು. ತನ್ನ ಸ್ಟೇಟಸ್ ನೋಡುವವರೆಲ್ಲ ಭಜನಾ ಮಂಡಳಿಯ ಮುದುಕಿಯರು, ಅವರಲ್ಲಿ ಯಾರು ಎರಡು ಮಹಡಿ ಹತ್ತಿ ಕಳ್ಳತನ ಮಾಡುತ್ತಾರೆ ಎಂದು ಅತ್ತಿಗೆ ಬಂಗಾರಪೇಟೆ ದಾಟುವ ತನಕ ಗೊಣಗುತ್ತಿದ್ದರು.

ರೈಲಿನಲ್ಲಿ ಶುರುವಾದ ಟಿಣ್ ಟಿಣ್ ಕನ್ಯಾಕುಮಾರಿಯಲ್ಲೂ ನಿಲ್ಲಲಿಲ್ಲ. ಒಮ್ಮೆ ಕಿಟಕಿಯ ಪರದೆ ಅಲುಗಿತ್ತು. ಒಮ್ಮೆ ಹಲ್ಲಿ ಓಡಾಡಿತ್ತು. ಬೆಳಗ್ಗೆ ಆಪಾ ಬಂದು ಗಿಡಗಳಿಗೆ ನೀರು ಹಾಕಿ, ಹೋಗುವಾಗ ಕ್ಯಾಮೆರಾ ಕಡೆ ತಿರುಗಿ ಬೀಗದ ಕೈಯನ್ನು ಎತ್ತಿ ತೋರಿಸಿ, ಎರಡು ಬೆರಳು ಆಡಿಸಿದರು. ಎರಡು ಸುತ್ತು ತಿರುಗಿಸುತ್ತೇನೆ, ಹೆದರಬೇಡಿ ಎಂಬ ಅರ್ಥ. ಇವರು ತೃಪ್ತಿಯಿಂದ ತಲೆಯಾಡಿಸಿದರು, ಆಪಾನಿಗೆ ಕಾಣುತ್ತದೆಯೋ ಎಂಬಂತೆ. ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬಂದು ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ನಮ್ಮವರು ಅವರ ನಡುವೆ ತಲೆ ತಗ್ಗಿಸಿಕೊಂಡು ಜೋಗುಪಾಳ್ಯದ ಖಾಲಿ ಸೋಫಾ ನೋಡುತ್ತಿದ್ದರು.

"ನಿನ್ ಸೋಫಾ ಎಲ್ಲೂ ಹೋಗಲ್ಲ ಕಣೋ. ಸೂರ್ಯ ಹೋಗ್ತಾ ಇದ್ದಾನೆ, ನೋಡು" ಎಂದು ಅತ್ತಿಗೆ ಅವರ ಗಲ್ಲ ಹಿಡಿದು ಎತ್ತಿದರು.

ಅಲ್ಲಿಂದ ಕೇರಳಕ್ಕೆ ಬಂದು ಒಂದು ದಿನ ಪೂರ್ತಿ ದೋಣಿಯಲ್ಲಿ ಸುತ್ತುವ ಏರ್ಪಾಡು ಮಾಡಿಕೊಂಡೆವು. ಬೆತ್ತದ ಕುರ್ಚಿ ಹಾಕಿದ, ಮೇಲೆ ಚಾವಣಿಯಿದ್ದ ದೋಣಿ. ದಂಡೆಯಲ್ಲಿ ತೆಂಗಿನ ಮರಗಳು, ನೀರಿಗೆ ಇಳಿದ ಮೆಟ್ಟಿಲ ಮೇಲೆ ಪಾತ್ರೆ ಉಜ್ಜುವ ಹೆಂಗಸರು, ಬಾತುಕೋಳಿಗಳ ದೊಡ್ಡ ಹಿಂಡು. ನಡುನೀರಿಗೆ ಹೋದಮೇಲೆ ಫೋನಿನ ಸಿಗ್ನಲ್ ಹೋಯಿತು. ಇವರು ಫೋನನ್ನು ಆ ಕಡೆ ಈ ಕಡೆ ಎತ್ತಿ ನೋಡಿ ಕೊನೆಗೆ ಕಿಸೆಗೆ ಹಾಕಿಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಮಧ್ಯಾಹ್ನದ ಊಟಕ್ಕೆ ದೋಣಿಯವನು ಒಂದು ದಂಡೆಗೆ ತಂದು ಹಗ್ಗ ಕಟ್ಟಿದ. ಎಲೆ ಹಾಕಿ ದಪ್ಪಕ್ಕಿಯ ಅನ್ನ, ಮೀನಿನ ಹುಳಿ ಬಡಿಸುತ್ತಿದ್ದಾಗ ಸಿಗ್ನಲ್ ಬಂತು. ಬಂದದ್ದೇ ತಡ, ಇವರ ಕಿಸೆಯಲ್ಲಿ ಟಿಣ್ ಟಿಣ್ ಎಂದು ಮಳೆ ಸುರಿದಂತೆ ಶಬ್ದ.

ಫೋನು ತೆಗೆದು ನೋಡಿದರು.

"ಮನೇಲಿ ಜನ ಇದ್ದಾರೆ" ಎಂದರು, ಬಹಳ ಮೆಲ್ಲಗೆ.

ನಾನು ಬಗ್ಗಿ ನೋಡಿದೆ. ನಮ್ಮ ಸೋಫಾದ ಮೇಲೆ ಬಿಳಿ ಗಡ್ಡದ, ಟೋಪಿ ಹಾಕಿದ ಹಿರಿಯರೊಬ್ಬರು ಕೂತಿದ್ದರು. ಅವರ ಪಕ್ಕದಲ್ಲಿ ದಪ್ಪನೆಯ ಇನ್ನೊಬ್ಬರು. ಊಟದ ಮೇಜಿನ ಸುತ್ತ ಹೆಂಗಸರು ಮುಸುಕು ಸರಿಸಿ ಕೂತು ಮಾತಾಡುತ್ತಿದ್ದರು. ಬಾಗಿಲ ಬಳಿ ಒಬ್ಬ ಯುವಕ, ಹೊಸ ಬಿಳಿ ಕುರ್ತಾ ಹಾಕಿ, ಪೈಜಾಮವನ್ನು ಮೊಣಕಾಲ ತನಕ ಮಡಿಚಿಕೊಂಡು ತೊಪ್ಪೆಯಾಗಿ ನಿಂತಿದ್ದ. ಒಬ್ಬರ ಮುಖವೂ ನಮಗೆ ಪರಿಚಯವಿಲ್ಲ. ಇವರ ಬೆರಳು ಆಗಲೇ ಪೊಲೀಸರ ನಂಬರಿನ ಕಡೆ ಹೋಗುತ್ತಿತ್ತು. ನಾನು ಕೈ ಹಿಡಿದುಕೊಂಡೆ. ಯಾಕೆಂದರೆ ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಆಪಾ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನನ್ನ ಶೋಕೇಸಿನ ಕಪ್ಪು-ಸಾಸರುಗಳು. ಹೂವಿನ ಚಿತ್ತಾರದ, ಚಿನ್ನದ ಅಂಚಿನ ಆ ಕಪ್ಪುಗಳನ್ನು ನನ್ನ ಮದುವೆಯಾದಾಗಿನಿಂದ ಒರೆಸಿ ಒರೆಸಿ ಇಟ್ಟಿದ್ದೆನೇ ಹೊರತು ಒಮ್ಮೆಯೂ ಯಾರಿಗೂ ಅದರಲ್ಲಿ ಕಾಫಿ ಕೊಟ್ಟಿರಲಿಲ್ಲ. ಮನೆಯಲ್ಲಿ ಅಷ್ಟು ಜನ ಅಪರಿಚಿತರಿದ್ದರೂ ನನ್ನ ಎದೆ ಧಸಕ್ಕೆಂದದ್ದು ಆ ಕಪ್ಪುಗಳಿಗಾಗಿ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಆಪಾ ಮತ್ತೆ ಮತ್ತೆ ಕರೆ ಮಾಡಿದ್ದು ಫೋನಿನಲ್ಲಿ ಸಾಲಾಗಿ ಕಾಣುತ್ತಿತ್ತು. ನನ್ನ ಫೋನಿನಿಂದ ಅವರಿಗೆ ಮಾಡಿದೆ. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಕ್ಯಾಮೆರಾದಲ್ಲಿ ಆಪಾ ನಿಶ್ಚಿಂತೆಯಿಂದ ಚಹಾ ಹಂಚುತ್ತಿದ್ದರು. ಅತ್ತಿಗೆ ಊಟ ಬಿಟ್ಟು ಎದ್ದು ಬಂದು, ತಮಗೆ ಏನೂ ಕಾಣುತ್ತಿಲ್ಲವೆಂದು ಇವರ ಕೈಯಿಂದ ಫೋನು ಕಿತ್ತುಕೊಂಡರು. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಪಾನ ಮಗಳಿಗೆ ಗಂಡು ಹುಡುಕುತ್ತಿರುವ ವಿಷಯ ಅವರಿಗೂ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಸಂಗತಿ ಹೊಳೆದದ್ದು ಅವರಿಗೇ.

"ಇದು ಹೆಣ್ಣು ನೋಡೋಕೆ ಬಂದಿರೋದು ಕಣೇ. ಹುಡುಗ ಪರವಾಗಿಲ್ಲ, ಸ್ವಲ್ಪ ಸಣ್ಣ ಅಷ್ಟೇ" ಎಂದರು.

ಅವರ ಹೆಬ್ಬೆರಳು ಮೈಕಿನ ಚಿತ್ರದ ಮೇಲಿತ್ತು.

ನಮ್ಮ ಹಾಲಿನಲ್ಲಿ ಎಲ್ಲರೂ ಕೈಯಲ್ಲಿದ್ದ ಕಪ್ಪನ್ನು ಹಾಗೇ ಹಿಡಿದು ಸ್ತಬ್ಧರಾದರು. ಹಿರಿಯರು ಮೇಲೆ ಕೆಳಗೆ ನೋಡಿ, ಟಿ.ವಿ. ಕಡೆ ನೋಡಿ, ಅದು ಆರಿರುವುದನ್ನು ಕಂಡು ಮತ್ತಷ್ಟು ಗಾಬರಿಯಾದರು. ಯುವಕ ತನ್ನನ್ನು ತಾನೇ ಒಮ್ಮೆ ನೋಡಿಕೊಂಡ. ಊಟದ ಮೇಜಿನ ಬಳಿ ಕೂತಿದ್ದ ಹೆಂಗಸೊಬ್ಬರು ಶೋಕೇಸಿನ ಮೇಲಿನ ಮೊಟ್ಟೆಯನ್ನು ಗುರುತಿಸಿ ತಟ್ಟನೆ ಮುಸುಕು ಎಳೆದುಕೊಂಡರು.

ಯಜಮಾನರು ಅದನ್ನು ನೋಡಿದರು. ಕೂಡಲೇ ಅಕ್ಕನ ಕೈಯಿಂದ ಫೋನು ತೆಗೆದುಕೊಂಡು ಮಗುಚಿ ಮೇಜಿನ ಮೇಲಿಟ್ಟರು. ಅವರ ಕಿವಿ ಕೆಂಪಾಗಿತ್ತು. ಹೇಳದೆ ಕೇಳದೆ ಹೆಣ್ಣುಮಕ್ಕಳನ್ನು ನೋಡುತ್ತಾ ಕೂತಂತಾಯಿತಲ್ಲ ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. ಅಲ್ಲಿಂದ ಆಪಾನ ದನಿ ಮಾತ್ರ ಕೇಳುತ್ತಿತ್ತು. ಕ್ಯಾಮೆರಾದ ಹತ್ತಿರವೇ ಬಂದು ನಿಂತಿರಬೇಕು.

"ಅಕ್ಕಾ, ನೀನಾ? ಎಷ್ಟು ಫೋನ್ ಮಾಡ್ದೆ ಗೊತ್ತಾ ನಿಂಗೆ" ಎಂದು ಶುರು ಮಾಡಿ ಒಂದೇ ಉಸಿರಿನಲ್ಲಿ ನಡೆದದ್ದನ್ನು ಹೇಳಿದರು. ಕೋಲಾರದಿಂದ ಹುಡುಗನ ಕಡೆಯವರು ಬಂದು ಇನ್ನೇನು ಕೂತರು ಅನ್ನುವಷ್ಟರಲ್ಲಿ ಅವರ ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು ಕಿತ್ತುಕೊಂಡು ಬಂದಿತ್ತು. ನೀರು ಅಡುಗೆಮನೆಯಿಂದ ಹಾಲಿಗೆ ನುಗ್ಗಿ ಜಮಖಾನವೆಲ್ಲ ತೇಲುವಂತಾಯಿತು. ಹಿರಿಯರನ್ನು ಓಣಿಯಲ್ಲಿ ನಿಲ್ಲಿಸಲಾಗದೆ, ನಮ್ಮ ಫೋನೂ ಸಿಗದೆ, ಗಿಡಕ್ಕೆ ನೀರು ಹಾಕಲೆಂದು ಕೊಟ್ಟ ಕೀಯಿಂದ ನಮ್ಮ ಬಾಗಿಲು ತೆಗೆದಿದ್ದರು. ಅವರ ಫೋನು ಈಗಲೂ ಆ ಒದ್ದೆ ಮನೆಯಲ್ಲೇ ಎಲ್ಲೋ ಇದೆ. ಕೊನೆಗೆ ಅವರ ದನಿ ಸಣ್ಣದಾಯಿತು. ಅಣ್ಣನಿಗೆ ಬೇಜಾರಾಯಿತಾ ಎಂದು ಕೇಳಿದರು.

ನಾನು ಯಜಮಾನರ ಮುಖ ನೋಡಿದೆ. ಬೀಗ, ಬೂಟು, ದೀಪ, ಠಾಣೆ, ಎಲ್ಲ ಆದಮೇಲೆ ಅವರ ಮನೆಯಲ್ಲಿ ಒಂದು ಊರಿನ ಜನ ಕೂತಿದ್ದರು. ಅವರು ಗಂಟಲು ಸರಿಮಾಡಿಕೊಂಡು, ಫೋನನ್ನು ಮಗುಚಿದ ಹಾಗೇ ಕೈಗೆತ್ತಿಕೊಂಡು, ಪರದೆ ನೋಡದೆ ನನ್ನಿಂದ ಮೈಕು ಒತ್ತಿಸಿಕೊಂಡು ಮಾತಾಡಿದರು.

"ಎಲ್ರಿಗೂ ನಮಸ್ಕಾರ. ಸೆಖೆ ಆಗ್ತಾ ಇರ್ಬೋದು, ಫ್ಯಾನ್ ಹಾಕ್ಕೊಳ್ಳಿ. ಸ್ವಿಚ್ಚು ಬಾಗಿಲ ಹಿಂದೆ ಇದೆ. ಆಪಾ, ಮೊದ್ಲು ಒಂದು ಟವೆಲ್ ತಗೊಂಡು ಈ ಕ್ಯಾಮೆರಾ ಮೇಲೆ ಹಾಕ್ಬಿಡಿ."

ಬಟ್ಟೆ ಉಜ್ಜಿದ ಶಬ್ದ ಕೇಳಿಸಿತು. ಆಮೇಲೆ ಫ್ಯಾನು ತಿರುಗುವ ಕಿರ್ ಕಿರ್. ಮಾತು ಕತ್ತರಿಸಬೇಕು ಎನ್ನುವಷ್ಟರಲ್ಲಿ ಹಿರಿಯರ ದನಿ ಬಂತು. ಅವರು ಹುಡುಗನ ಅಜ್ಜ, ಕೋಲಾರದಲ್ಲಿ ಟೊಮೆಟೊ ಮಂಡಿ ಇಟ್ಟವರು ಎಂದು ಆಮೇಲೆ ಗೊತ್ತಾಯಿತು. ಮನೆಯವರಿಲ್ಲದಾಗ ಬಂದು ಕೂತದ್ದಕ್ಕೆ ಕ್ಷಮೆ ಕೇಳಿದರು. ನಂತರ ವ್ಯಾಪಾರಸ್ಥರಲ್ಲವೇ, ಸಿಕ್ಕ ಅವಕಾಶ ಬಿಡದೆ, ನೀವು ಇಷ್ಟು ವರ್ಷದಿಂದ ಎದುರುಬದುರು ಇದ್ದೀರಂತೆ, ಹುಡುಗಿ ಹೇಗೆ, ಮನೆತನ ಹೇಗೆ, ಒಂದು ಮಾತು ಹೇಳಿ ಎಂದರು.

ಇನ್‌ಸ್ಪೆಕ್ಷನ್ ವಿಭಾಗದವರನ್ನು ಅಭಿಪ್ರಾಯ ಕೇಳಬಾರದು. ಇವರು ಹೊಗಳಿದ್ದನ್ನು ನಾನು ಬಹಳ ಕಂಡಿಲ್ಲ. ನನ್ನ ಸಾರಿನ ಬಗ್ಗೆ ಇವರ ಅತ್ಯುತ್ತಮ ಮಾತೆಂದರೆ 'ತೊಂದರೆಯಿಲ್ಲ'. ಅತ್ತಿಗೆ ಕೈಸನ್ನೆಯಲ್ಲಿ ಚೆನ್ನಾಗಿ ಹೇಳೋ ಎಂದು ತಮ್ಮನಿಗೆ ಸೂಚಿಸುತ್ತಿದ್ದರು. ಇವರು ಫೋನನ್ನು ಬಾಯಿಯ ಹತ್ತಿರ ತಂದರು.

"ಹುಡುಗಿ ಬಗ್ಗೆ ನನ್ನ ಕೇಳ್ಬೇಡಿ, ಅವಳು ಅಲ್ಲೇ ಇದ್ದಾಳೆ, ಅವಳನ್ನೇ ಕೇಳಿ. ಚೆನ್ನಾಗಿ ಮಾತಾಡ್ತಾಳೆ" ಎಂದರು. "ಮನೆ ಬಗ್ಗೆ ಹೇಳ್ತೀನಿ. ಊರಿಗೆ ಹೋಗ್ಬೇಕಾದ್ರೆ ನನ್ನ ಮನೆ ಕೀ ಅವ್ರ ಕೈಗೇ ಕೊಟ್ಟು ಬಂದಿದೀನಿ. ನಾನು ಸುಮ್ನೆ ಯಾರಿಗೂ ಕೀ ಕೊಡೋನಲ್ಲ."

ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಇವರು ನನ್ನ ಕಡೆ ಮಾತ್ರ ತಿರುಗಲಿಲ್ಲ. ಆ ಕಡೆಯಿಂದ ಹಿರಿಯರು ನಕ್ಕದ್ದು ಕೇಳಿಸಿತು. ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ದೋಣಿಯವನು, ಇನ್ನೂ ಊಟವೇ ಮಾಡದ ನಮ್ಮನ್ನು ನೋಡಿ ತಲೆ ಕೆರೆದುಕೊಂಡು, ಮುಂದೆ ಹೋಗಬೇಕೆಂದು ಸನ್ನೆ ಮಾಡಿದ. ನಾವು ಆರಿದ ಮೀನಿನ ಹುಳಿಯನ್ನೇ ಗಬಗಬ ಉಂಡೆವು. ದೋಣಿ ಹೊರಟಿತು, ಸಿಗ್ನಲ್ ಹೋಯಿತು.

ಉಳಿದ ದಿನಗಳಲ್ಲಿ ಇವರ ಫೋನು ಮೂಕವಾಗಿತ್ತು. ಆಪಾ ಕ್ಯಾಮೆರಾದ ಮೇಲೆ ಹೊದಿಸಿದ್ದು ನನ್ನ ನೀಲಿ ಟವೆಲ್. ತೆರೆದು ನೋಡಿದರೆ ಪರದೆಯ ತುಂಬ ಟವೆಲಿನ ನೇಯ್ಗೆ ಕಾಣುತ್ತಿತ್ತು, ಅಷ್ಟೇ. ಅದು ಅಲುಗುವುದಿಲ್ಲವಾದ್ದರಿಂದ ಟಿಣ್ ಅನ್ನುವುದೂ ಇಲ್ಲ. ಟವೆಲ್ ತೆಗೆಯಿರಿ ಎಂದು ಇವರು ಆಪಾನಿಗೆ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ನಾನು ಕಾದೆ. ಹೇಳಲಿಲ್ಲ. ಕೊಚ್ಚಿಯಲ್ಲಿ ಚೀನೀ ಮೀನುಬಲೆಗಳನ್ನು ನೀರಿನಿಂದ ಎತ್ತುವುದನ್ನು ಒಂದು ಮಧ್ಯಾಹ್ನ ಪೂರ್ತಿ ನಿಂತು ನೋಡಿ, ಅವುಗಳ ಹಗ್ಗ ಎಲ್ಲಿ ಸವೆದಿದೆ ಎಂದು ಮೀನುಗಾರರಿಗೆ ಸನ್ನೆಯಲ್ಲಿ ತೋರಿಸಿಕೊಟ್ಟು ಬಂದರು. ಆಪಾನಿಗೆ ದಿನಾ ಫೋನು ಮಾಡುತ್ತಿದ್ದದ್ದು ಅತ್ತಿಗೆ. ಮನೆ ಹೇಗಿದೆ ಎಂದು ಕೇಳಲಲ್ಲ, ಕೋಲಾರದಿಂದ ಉತ್ತರ ಬಂತೇ ಎಂದು ಕೇಳಲು.

ಉತ್ತರ ಬಂದದ್ದು ನಾವು ವಾಪಸು ಬರುವ ರೈಲಿನಲ್ಲಿದ್ದಾಗ. ಅವರಿಗೆ ಒಪ್ಪಿಗೆಯಂತೆ. ಅತ್ತಿಗೆ ಬೋಗಿಯಲ್ಲಿದ್ದವರಿಗೆಲ್ಲ ಬಾಳೆಕಾಯಿ ಚಿಪ್ಸು ಹಂಚಿಬಿಟ್ಟರು.

ಮನೆಗೆ ಬಂದಾಗ ಬಾಗಿಲಿಗೆ ಬೀಗ ಎರಡು ಸುತ್ತು ಬಿದ್ದಿತ್ತು. ಒಳಗೆ ಸಣ್ಣಗೆ ಅತ್ತರಿನ ವಾಸನೆ. ಮಲ್ಲಿಗೆ ಗಿಡ ಮೊಗ್ಗು ಬಿಟ್ಟಿತ್ತು. ಊಟದ ಮೇಜಿನ ಮೇಲೆ ಖರ್ಜೂರದ ಡಬ್ಬಿ. ಕಪ್ಪುಗಳು ಶೋಕೇಸಿನಲ್ಲಿ ಹೊಳೆಯುತ್ತಿದ್ದವು. ನಾನು ಇಟ್ಟ ಕ್ರಮದಲ್ಲಿರಲಿಲ್ಲ. ನನಗಿಂತ ಚೆನ್ನಾಗಿ ತೊಳೆದಿದ್ದರು. ಒಂದರ ಕಿವಿ ಮುರಿದಿತ್ತು. ಅದನ್ನು ಆಪಾ ಬಚ್ಚಿಡದೆ ಎಲ್ಲಕ್ಕಿಂತ ಮುಂದೆ ಇಟ್ಟಿದ್ದರು. ಆ ಸಂಜೆ ನಾನೂ ಆಪಾನೂ ಕೂತು ಉಳಿದ ಕಪ್ಪುಗಳಲ್ಲಿ ಕಾಫಿ ಕುಡಿದೆವು. ಆಪಾ ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ ನಾನು ಮದುವೆಯ ಸೀರೆಯ ಮಾತು ತೆಗೆದೆ.

ಯಜಮಾನರು ಟವೆಲ್ ತೆಗೆದು, ಆ ದಿನ ಕ್ಯಾಮೆರಾದಲ್ಲಿ ಉಳಿದಿದ್ದ ಚಿತ್ರಗಳನ್ನು ನೋಡದೆಯೇ ಅಳಿಸಿದರು. ಅದನ್ನು ಆಪಾನಿಗೆ ಹೇಳು ಎಂದು ನನಗೆ ಹೇಳಿದರು. ತಾವೇ ಹೇಳಲು ಸಂಕೋಚ.

ಆಪಾನ ಮಗಳು ಬಾಣಸವಾಡಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಶನಿವಾರ ಕಣ್ಣು ತೋರಿಸಲು ನಮ್ಮ ಅಂಗಡಿಗೆ ಬಂದಳು. ಕತ್ತಲೆ ಕೋಣೆಯಲ್ಲಿ ಅವಳ ಕಣ್ಣಿಗೆ ಗಾಜು ಬದಲಿಸುತ್ತಾ, ನಿನಗೆ ನಿಜವಾಗಿ ಇಷ್ಟವೇನೇ ಎಂದು ಕೇಳಿದೆ. ಮನೆಯಲ್ಲಿ ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೋ ಗೊತ್ತಿಲ್ಲ. ಅವರು ನೋಡಲು ಬಂದ ದಿನ ಬೆಳಗ್ಗೆ ಬೇಡವೆನ್ನಲು ತೀರ್ಮಾನಿಸಿಕೊಂಡೇ ಸೀರೆ ಉಟ್ಟಿದ್ದಳಂತೆ. ಹುಡುಗ ಬಂದು ಕೂತಾಗ ತಲೆಯೆತ್ತಿಯೂ ನೋಡಿರಲಿಲ್ಲ. ನೀರು ನುಗ್ಗಿದಾಗ ಹಿರಿಯರೆಲ್ಲ ಕಾಲೆತ್ತಿ ಸೋಫಾ ಮೇಲಿಟ್ಟುಕೊಂಡರೆ ಆ ಹುಡುಗ ಎದ್ದು, ಮಹಡಿಯ ಮೇಲೆ ಓಡಿ, ಟ್ಯಾಂಕಿನ ವಾಲ್ವ್ ತಿರುಗಿಸಿ ಬಂದನಂತೆ. ಬಂದು ನೋಡಿದರೆ ನೀರು ಹಾಗೇ ಚಿಮ್ಮುತ್ತಿತ್ತು. ಅವನು ನಿಲ್ಲಿಸಿದ್ದು ಮೊದಲ ಮಹಡಿಯವರ ನೀರನ್ನು.

"ಅಲ್ಲೇ ನಿಂತ್ಕೊಂಡು ತನಗೆ ತಾನೇ ಬಿದ್ದು ಬಿದ್ದು ನಕ್ಕ ಆಂಟಿ. ಆಮೇಲೆ ಮತ್ತೆ ಹತ್ಕೊಂಡು ಹೋದ" ಎಂದಳು. "ನಂಗೆ ಅದು ಇಷ್ಟ ಆಯ್ತು. ನಮ್ಮನೇಲಿ ಯಾರೂ ತಪ್ ಮಾಡಿದ್ರೆ ನಗಲ್ಲ."

ಅವಳಿಗೆ ಕನ್ನಡಕ ಬೇಕಿರಲಿಲ್ಲ. ಕಣ್ಣು ಚೆನ್ನಾಗಿತ್ತು. ಅಷ್ಟು ಮಾತಾಡಲೆಂದೇ ಬಂದಿದ್ದಳೆಂದು ಕಾಣುತ್ತದೆ.

ಬೇಸಿಗೆಗೆ ಮುಂಚೆ ಮದುವೆಯಾಯಿತು. ಅತ್ತಿಗೆಗೆ ಹುಡುಗನ ಕಡೆಯ ಹೆಂಗಸರಲ್ಲಿ ದೊಡ್ಡ ಹೆಸರು ಬಂದಿತ್ತು. 'ಸ್ವಲ್ಪ ಸಣ್ಣ' ಎಂದವರು ಇವರೇ ಎಂದು ಮದುಮಗನ ತಾಯಿ ಅವರ ಕೈ ಹಿಡಿದು, ಆಮೇಲೆ ಮಗನಿಗೆ ದಿನಾ ತುಪ್ಪ ಹಾಕಿದ್ದಾಗಿ ಹೇಳಿದರು. ಅತ್ತಿಗೆ ಮದುಮಗನನ್ನು ದೂರದಿಂದ ಪರಿಶೀಲಿಸಿ, ಈಗ ಸರಿಹೋಯಿತು ಎಂದು ಒಪ್ಪಿಗೆ ಕೊಟ್ಟರು.

ಗಂಡಸರ ಕಡೆ ಅಜ್ಜ ನಮ್ಮ ಯಜಮಾನರ ಕೈ ಹಿಡಿದು ಕರೆದೊಯ್ದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಬಂದವರಿಗೆಲ್ಲ, ಗೋಡೆಯೊಳಗಿಂದ ಮಾತಾಡಿದ ಯಜಮಾನರು ಇವರೇ ಎಂದು ಪರಿಚಯ ಮಾಡಿಸುತ್ತಿದ್ದರಂತೆ. ಆಮೇಲೆ ಅವರು ಮೆಲ್ಲಗೆ ತಮ್ಮ ಕಷ್ಟ ಹೇಳಿಕೊಂಡರು. ಅಜ್ಜ, ಅಜ್ಜಿ ಇಬ್ಬರೂ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೊರಡುವವರಿದ್ದರು. ಮಕ್ಕಳೂ ಅವರ ಜೊತೆಗೇ ಹೊರಟಿದ್ದಾರೆ, ಮನೆಗೆ ಬೀಗ ಬೀಳುತ್ತದೆ. ಎಂಥ ಬೀಗ ಹಾಕಿದರೆ ಒಳ್ಳೆಯದು ಎಂದು ಕೇಳಿದರು.

ಇಷ್ಟು ವರ್ಷದಲ್ಲಿ ಯಾರೂ ಇವರನ್ನು ಆ ಪ್ರಶ್ನೆ ಕೇಳಿರಲಿಲ್ಲ. ನಾನು ಹೆಂಗಸರ ಕಡೆಯಿಂದ ಪರದೆಯ ಸಂದಿಯಲ್ಲಿ ನೋಡಿದರೆ, ಇವರು ಎರಡೂ ಕೈಗಳನ್ನು ಮುಂದೆ ಚಾಚಿ ಇಲ್ಲದ ಬಾಗಿಲೊಂದನ್ನು ಎಳೆದು, ಇಲ್ಲದ ಕೀಯೊಂದನ್ನು ತಿರುಗಿಸಿ ತೋರಿಸುತ್ತಿದ್ದರು. ಅಜ್ಜ ಬಹಳ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಇಬ್ಬರ ಮುಂದೆಯೂ ಬಡಿಸಿದ್ದ ಬಿರಿಯಾನಿ ಆರುತ್ತಿತ್ತು. ಬಡಿಸುವವರು ಎರಡು ಸಲ ಬಂದು ತಟ್ಟೆ ನೋಡಿ ಹಿಂದಕ್ಕೆ ಹೋದರು. ಕೊನೆಗೆ ಮದುಮಗನೇ ಎದ್ದು ಬಂದು, ಮೊದಲು ಊಟ ಮಾಡಿ, ಬೀಗದ ವಿಷಯ ಆಮೇಲೆ ಎಂದು ಇಬ್ಬರ ಕೈಗೂ ನೀರು ಹಾಕಿದ.